ಗಿರಣಿ ಮನೆಗೆ ಬಂದ ಬೆಕ್ಕು

ನನ್ನ ಮೂಗಿಗೆ ಖಾರದ ಘಾಟು ಹತ್ತುವುದಿಲ್ಲ, ಕಿವಿಗೆ ಗಿರಣಿಯ ಸಪ್ಪಳ ಕೇಳುವುದಿಲ್ಲ. ರಂಗಂಪೇಟೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹಿಟ್ಟಿನ ಗಿರಣಿ ಇಟ್ಟುಕೊಂಡವನಿಗೆ ಇವೆರಡೂ ದೇವರು ಕೊಟ್ಟ ಅನುಕೂಲ ಎಂದೇ ತಿಳಿದಿದ್ದೆ. ಒಂದು ಬೆಕ್ಕು ಬಂದು ಆ ತಿಳುವಳಿಕೆಯನ್ನು ಕೆಡಿಸಿತು.

ಬೆಕ್ಕು ಬೇಕಾದದ್ದು ಇಲಿಗಳಿಂದ. ಗಿರಾಕಿಗಳು ಬಿಟ್ಟುಹೋದ ಜೋಳದ ಚೀಲಕ್ಕೆ ಇಲಿ ಬಾಯಿ ಹಾಕಿದರೆ ಹೆಸರು ಕೆಡುವುದು ಇಲಿಯದಲ್ಲ, ನನ್ನದು. ಶಾಲೆ ಅರ್ಧಕ್ಕೆ ಬಿಟ್ಟು ಈ ಗಿರಣಿ ಕಲ್ಲಿನ ಮುಂದೆ ನಿಂತು ನಾನು ಗಳಿಸಿದ್ದು ಆ ಹೆಸರೊಂದನ್ನೇ. ಶಹಾಪುರದಲ್ಲಿರುವ ನನ್ನ ಹೆಂಡತಿಯ ತಮ್ಮನ ಮನೆಯಲ್ಲಿ ಬೂದು ಬಣ್ಣದ ಹೆಣ್ಣು ಬೆಕ್ಕೊಂದಿತ್ತು. "ಒಯ್ರಿ ಮಾಮಾ. ಆದ್ರ ನಿಮ್ಮ ಗಿರಣ್ಯಾಗ ಅದು ನಿಲ್ಲಂಗಿಲ್ಲ, ವಾರದಾಗ ಹೊಳ್ಳಿ ತರ್ತೀರಿ" ಎಂದ. ಅಲ್ಲಿಗೆ ಬೆಕ್ಕಿನ ಪ್ರಶ್ನೆ ಹೋಗಿ ಮರ್ಯಾದೆಯ ಪ್ರಶ್ನೆ ಬಂತು.

ದಾರಿ ಕಂಡ ಬೆಕ್ಕು ತಿರುಗಿ ಹೋಗುತ್ತದೆಂದು ನಮ್ಮ ಕಡೆ ಅದನ್ನು ಚೀಲದಲ್ಲಿ ಹಾಕಿ ತರುತ್ತಾರೆ. ಗಿರಣಿಯಿಂದ ಒಂದು ಖಾಲಿ ಚೀಲ ಒಯ್ದಿದ್ದೆ. ಬಸ್ಸು ಶಹಾಪುರ ದಾಟುವಷ್ಟರಲ್ಲಿ ಚೀಲ ಸೀನತೊಡಗಿತು.

"ಏನದರಿ ಯಜಮಾನ್ರ ಚೀಲದಾಗ?" ಎಂದ ಕಂಡಕ್ಟರ್.

"ಬೆಕ್ಕು."

"ನೆಗಡಿ ಆಗ್ಯಾದೇನ್ರಿ ಅದಕ್ಕ? ಮನಿಗಲ್ಲ, ದವಾಖಾನಿಗೆ ಒಯ್ರಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಮನೆಯಲ್ಲಿ ಚೀಲ ಬಿಚ್ಚಿದ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಇದು ಮೆಣಸಿನಕಾಯಿ ಚೀಲ ಅಲ್ಲೇನ್ರಿ!" ನಾನೂ ಮೂಸಿ ನೋಡಿದೆ. ಚೀಲದ ವಾಸನೆ ಬಂತು, ಅಷ್ಟೇ.

ಅವಳು ಒದ್ದೆ ಬಟ್ಟೆಯಿಂದ ಬೆಕ್ಕಿನ ಕಣ್ಣು ಒರೆಸಿದಳು. ಹೊಸ ಬೆಕ್ಕಿಗೆ ಮೊದಲು ಒಲೆ ತೋರಿಸಬೇಕು ಎನ್ನುತ್ತಾರೆ. ಈ ಮನೆಗೆ ಅನ್ನ ಕೊಡುವುದು ಗಿರಣಿ ತಾನೇ ಎಂದು ನಾನು ಗಿರಣಿ ತೋರಿಸಿ ಗುಂಡಿ ಒತ್ತಿದೆ. ಬೆಕ್ಕು ನನ್ನ ತೋಳು ಪರಚಿ, ಒಳಮನೆಯ ಹಾಸಿಗೆ ಸುರುಳಿಗಳ ಹಿಂದೆ ಮಾಯವಾಯಿತು. ಇಟ್ಟ ಹಾಲು ಇಟ್ಟಂತೆಯೇ ಉಳಿಯಿತು, ಮರುದಿನವೂ.

"ಕೆಲಸಕ್ಕ ಬಂದದ್ದು ಕೆಲಸ ಮಾಡಬೇಕಪ್ಪ" ಎಂದೆ.

"ಬಂದ ದಿನಾನ ದುಡಿ ಅಂದ್ರ ಯಾರು ನಿಲ್ತಾರ? ನಾ ಈ ಮನಿಗೆ ಬಂದಾಗ ಕಿವ್ಯಾಗ ಹತ್ತಿ ಇಟ್ಕೊಂಡು ರೊಟ್ಟಿ ಬಡೀತಿದ್ದೆ. ಗೊತ್ತದೇನು ನಿಮಗ?"

ಗೊತ್ತಿರಲಿಲ್ಲ. ಕರೆದರೆ ತಿರುಗಿ ನೋಡದ ಆ ಹೊಸ ಹೆಂಡತಿಯನ್ನು ನಾನು ಸೊಕ್ಕಿನವಳು ಎಂದುಕೊಂಡಿದ್ದೆ.

ಮಧ್ಯಾಹ್ನ ಕರೆಂಟು ಹೋಯಿತು. ಬೈಯಲು ಬಾಯಿ ತೆರೆದವನು ಹಾಗೇ ನಿಂತೆ. ಬೆಕ್ಕು ಹೊರಗೆ ಬಂದಿತ್ತು. ಕಂಬ ಮೂಸಿತು, ಕೊಡ ಮೂಸಿತು, ನನ್ನ ಚಪ್ಪಲಿಯನ್ನು ಬಹಳ ಹೊತ್ತು ಮೂಸಿ, ಆಮೇಲೆ ಹಾಲು ಕುಡಿಯಿತು. ಬೆಕ್ಕು ಜನರನ್ನಲ್ಲ, ಮನೆಯನ್ನು ನೆಚ್ಚುತ್ತದೆ ಎನ್ನುವವರಿದ್ದಾರೆ. ಅದಕ್ಕೆ ಮನೆಯೆಂದರೆ ಮೊದಲು ಸಪ್ಪಳ, ಆಮೇಲೆ ವಾಸನೆ, ಕಟ್ಟಕಡೆಗೆ ನಾವು ಎಂದು ನನಗೆ ಅನಿಸುತ್ತದೆ. ಆ ಹೊತ್ತಿನಲ್ಲಿ ನನಗೂ ಅಡುಗೆಮನೆಯಿಂದ ಬಳೆಯ ಸದ್ದು ಕೇಳಿತು. ಅವಳ ಬಳೆಗೆ ಸದ್ದಿದೆಯೆಂದು ಯಾರು ಗಮನಿಸಿದ್ದರು?

ಅಂದಿನಿಂದ ಊಟದ ಹೊತ್ತಿಗೆ ನಾನೇ ಗಿರಣಿ ನಿಲ್ಲಿಸತೊಡಗಿದೆ. ಗೋಧಿ ಹೊತ್ತು ಬಂದ ಒಬ್ಬ ಮುದುಕಿಗೆ "ಕರೆಂಟ್ ಹೋಗ್ಯಾದಬೇ" ಎಂದೆ.

"ಮತ್ತ ಫ್ಯಾನ್ ತಿರಗಾಕತ್ತದಲ್ಲೋ?" ಎಂದಳು.

ಬೆಕ್ಕಿಗಾಗಿ ಗಿರಣಿ ನಿಲ್ಲಿಸಿದ್ದೇನೆ ಎನ್ನಲು ನಾಚಿಕೆಯಾಗಿ, ಫ್ಯಾನನ್ನೂ ಆರಿಸಿದೆ. ಶಹಾಪುರದಿಂದ ಫೋನು ಬಂತು: "ಮಾಮಾ, ಯಾವಾಗ ತರ್ತೀರಿ?" ನಾನು ಮಾತು ಮಳೆಯ ಕಡೆ ತಿರುಗಿಸಿದೆ.

ಮೊನ್ನೆ ಗಿರಣಿ ಜೋರಾಗಿ ಓಡುತ್ತಿತ್ತು. ಪಕ್ಕದ ಖಾಲಿ ಚೀಲಗಳ ಮೇಲೆ ಬೆಕ್ಕು, ಹಿಟ್ಟು ಬಿದ್ದು ಬೂದುಬಣ್ಣ ಬೆಳ್ಳಗಾಗಿ, ಕಾಲು ಚಾಚಿ ನಿದ್ದೆ ಹೊಡೆಯುತ್ತಿತ್ತು. ಕರೆಂಟು ನಿಜವಾಗಿಯೂ ಹೋಯಿತು. ಬೆಕ್ಕು ಗಾಬರಿಯಿಂದ ಎದ್ದು ಕೂತಿತು. ಹೆಂಡತಿ ಒಳಗಿನಿಂದ "ಯಾಕ ನಿಂತಿತ್ರೀ?" ಎನ್ನುತ್ತ ಬಂದಳು. ಮೂವರೂ ನಿಂತ ಗಿರಣಿಯನ್ನೇ ನೋಡಿದೆವು.

ಕೂಡಲೇ ಶಹಾಪುರಕ್ಕೆ ಫೋನು ಮಾಡಿ ಬೆಕ್ಕು ನಿಂತಿತು ಎಂದೆ.

"ಇಲಿ ಹಿಡೀತೇನ್ರಿ?" ಎಂದ.

ಇಲಿಯ ವಿಚಾರ ನನಗೆ ಮರೆತೇಹೋಗಿತ್ತು. "ಈಗಷ್ಟೇ ಬಂದಾಳಪ್ಪ" ಎಂದೆ, "ಇಷ್ಟು ಲಗೂನ ಕೆಲಸ ಹೇಳಬಾರದು."