ಕುದಿನೀರಿನಲ್ಲಿ ಎದ್ದ ಮುಖ

ಯಾರದೋ ಒದೆತಕ್ಕೆ ಗ್ಯಾರೇಜಿನ ಬಾಗಿಲು ದಢಾರನೆ ತೆರೆದುಕೊಂಡಾಗ ವಾರ್ಸಿನಿ ಗಾಬರಿಯಿಂದ ಎದ್ದಳು. ಅವಳ ಹಿಂದೆಯೇ ಅವಳ ಮಣೆಯೂ ಎದ್ದಿತು. ಬೆಳಿಗ್ಗೆ ಚೆಲ್ಲಿದ ಮೇಣ ಆರಿ, ಲಂಗವನ್ನೂ ಮಣೆಯನ್ನೂ ಬೆಸೆದುಬಿಟ್ಟಿತ್ತು. ಎದುರಿಗೆ ಕೂತಿದ್ದ ಶೈನಿಗೆ ನಗು ಉಕ್ಕಿತು. ಬಾಗಿಲಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ ತನ್ನ ಗಂಡ ಸ್ಟ್ಯಾನ್ಲಿಯನ್ನು ಕಂಡು ಅವಳು ನಗು ನುಂಗಿದಳು.

ಲಂಡನ್ನಿನ ಹೌನ್ಸ್ಲೋದ ಆ ಗ್ಯಾರೇಜೇ ವಾರ್ಸಿನಿಯ ಬಾಟಿಕ್ ಶಾಲೆ. ಆಕೆ ಜಾವಾದವಳು; ಏಳನೇ ವಯಸ್ಸಿಗೇ ಅಜ್ಜಿ ಅವಳ ಕೈಗೆ ಚಾಂಟಿಂಗ್ ಕೊಟ್ಟಿದ್ದಳು. ಕಾನ್ವೆಂಟಿನಲ್ಲಿ ಓದಿದ ಶೈನಿ, ಕಲಿಯಲು ಬಂದ ಮೊದಲ ದಿನ, ಅದು ಇಂಗ್ಲಿಷ್ ಮಾತೆಂದು ತಿಳಿದು ಜಪದ ಸಾಮಾನೆಂದುಕೊಂಡಿದ್ದಳು. ಅದು ಬಟ್ಟೆಯ ಮೇಲೆ ಬಿಸಿ ಮೇಣದ ಗೆರೆ ಎಳೆಯುವ ತಾಮ್ರದ ಲೇಖನಿ. ಮೇಣ ಬಿದ್ದಲ್ಲಿ ಬಣ್ಣ ಹತ್ತುವುದಿಲ್ಲ. ಲಂಡನ್ನಿನಲ್ಲಿ ಇಪ್ಪತ್ತು ವರ್ಷ ಆಫೀಸುಗಳ ನೆಲ ಒರೆಸುತ್ತಲೇ ವಾರ್ಸಿನಿ ಸಂಜೆ ತರಗತಿಗೆ ಹೋಗಿ, ಮುಖದ ಮೇಲೆ ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಕೂರುತ್ತದೆ ಎಂಬ ಪಾಶ್ಚಾತ್ಯರ ವಿದ್ಯೆ ಕಲಿತಳು. ಅಜ್ಜಿಯ ಹೂಹಕ್ಕಿಗಳಿಗೆ ನೆರಳೇ ಇರಲಿಲ್ಲ. ಮೊಮ್ಮಗಳು ಕೊಟ್ಟಳು.

ಈ ಸಲ ಆ ಹೂಗಳ ನಡುವೆ ಶೈನಿಯ ಮುಖ. ಎಡಗಣ್ಣಿನ ಸುತ್ತ ನೀಲಿ: ಸ್ಟ್ಯಾನ್ಲಿಯ ಮುಷ್ಟಿಯ ಗುರುತು. ಇಗರ್ಜಿಯಲ್ಲಿ ಶೈನಿ "ಬಾತ್‌ರೂಮಲ್ಲಿ ಜಾರಿದ್ದು" ಎಂದಿದ್ದಳು. ಗೆಳತಿ ನೋರಾ ಜಾರದಂಥ ರಬ್ಬರ್ ಮ್ಯಾಟ್ ಕೂಡ ತಂದುಕೊಟ್ಟಿದ್ದಳು. ನಿಜ ಹೇಳಲು ಶೈನಿಗೆ ಬಾಯಿ ಬರುತ್ತಿರಲಿಲ್ಲ. ಶನಿವಾರ ಅಕ್ಸ್‌ಬ್ರಿಡ್ಜ್‌ನ ಹಾಲ್‌ನ ಪ್ರದರ್ಶನದಲ್ಲಿ ಆ ಬಟ್ಟೆ ತೂಗಿದರೆ, ಅದೇ ಹೇಳುತ್ತಿತ್ತು.

"ನನ್ನ ಮರ್ಯಾದೆ ತೆಗೀಲಿಕ್ಕೆ ಚಿತ್ರ ಬಿಡಿಸ್ಕೊಳ್ತೀಯಾ?" ಸ್ಟ್ಯಾನ್ಲಿ ಒಳಗೆ ನುಗ್ಗಿದ.

"ನಿನ್ನ ಮರ್ಯಾದೆ ನಿನ್ನ ಕೈಯಲ್ಲೇ ಇತ್ತಲ್ಲಾ ಸ್ಟ್ಯಾನ್. ಮುಷ್ಟಿ ಮಾಡ್ಲಿಕ್ಕೆ ಯಾರು ಹೇಳಿದ್ದು?"

ಅವನು ಶೈನಿಯ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಇನ್ನೊಮ್ಮೆ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ವಾರ್ಸಿನಿ ಮಣೆಯ ಸಮೇತ ನಡುವೆ ನುಗ್ಗಿದಳು. ಸುತ್ತಿಗೆ ಅವಳ ಎಡಗೈಗೆ ಬಿತ್ತು. ಎರಡು ಬೆರಳು ಲಟಕ್ಕೆಂದದ್ದು ಶೈನಿಗೆ ಕೇಳಿಸಿತು.

ಹಗ್ಗದ ಮೇಲಿದ್ದ ಬಟ್ಟೆಗೆ ಇನ್ನೂ ಕಂದು ಮೇಣ ದಪ್ಪಗೆ ಮೆತ್ತಿಕೊಂಡಿತ್ತು. ಸ್ಟ್ಯಾನ್ಲಿ ಅದನ್ನು ಕಿತ್ತು ಟಬ್ಬಿಗೆ ಎಸೆದ. ಒಲೆಯ ಮೇಲೆ ಹಂಡೆಯಷ್ಟು ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. "ತೊಳ್ದು ಹೋಗ್ಲಿ ನಿಮ್ಮ ಕಲೆ!" ಎಂದು ಪಾತ್ರೆಯೆತ್ತಿ ಅಷ್ಟನ್ನೂ ಸುರಿದ, ಕೋಲಿನಿಂದ ತಿರುವಿದ. ನೆಲದಲ್ಲಿ ಬಿದ್ದಿದ್ದ ವಾರ್ಸಿನಿ ತುಟಿಪಿಟಕ್ಕೆನ್ನಲಿಲ್ಲ.

ಮೇಣ ಕರಗಿ ಮೇಲೆ ತೇಲಿತು. ಅದರಡಿಯಿಂದ ಹೂಗಳು ಎದ್ದವು, ಹಕ್ಕಿಗಳು ಎದ್ದವು, ಆಮೇಲೆ ಆ ಕಣ್ಣು. ಬಾಟಿಕ್‌ನ ಕೊನೆಯ ಕೆಲಸವೇ ಅದು, ಕುದಿನೀರಿನಲ್ಲಿ ಮೇಣ ಬಿಡಿಸುವುದು. ಬಟ್ಟೆಯ ಬಣ್ಣದ ಜತೆ ಅವನ ಬಣ್ಣವೂ ಬಯಲಾಗಿತ್ತು.

ಅವನು ಮತ್ತೆ ಸುತ್ತಿಗೆ ಎತ್ತಿದ. ಶೈನಿ ಸೌಟಿನ ತುಂಬ ಆ ಬಿಸಿನೀರು ಮೊಗೆದು ಅವನ ಪಾದಕ್ಕೆ ಎರಚಿದಳು. ಅವನ ಅರಚಾಟಕ್ಕೆ ಬೀದಿ ಸೇರಿತು. ಪೊಲೀಸರು ಕರೆದೊಯ್ಯುವಾಗ ಅವನು ಕುಂಟುತ್ತಿದ್ದ.

ಶನಿವಾರ ಬಟ್ಟೆ ತೂಗಿತು. ನೋರಾ ಅದರ ಮುಂದೆ ನಿಂತು ಕಣ್ಣಿನ ಸುತ್ತಲ ನೀಲಿಯನ್ನು ನೋಡಿದಳು. ಮ್ಯಾಟಿನ ಮಾತು ಎತ್ತಲಿಲ್ಲ. ಶೈನಿಯ ಕೈ ಹಿಡಿದುಕೊಂಡೇ, ಕೈಗೆ ಬ್ಯಾಂಡೇಜು ಸುತ್ತಿದ್ದ ವಾರ್ಸಿನಿಯನ್ನು ಕೇಳಿದಳು:

"ಅವನು ಪಾತ್ರೆ ಎತ್ತಿದಾಗ ಸುಮ್ನಿದ್ರಂತೆ. ಅಷ್ಟು ಧೈರ್ಯ ಎಲ್ಲಿಂದ ಬಂತು?"

"ಧೈರ್ಯ ಎಂಥದು! ನನಗೆ ಸೊಂಟನೋವು," ಎಂದಳು ವಾರ್ಸಿನಿ. "ಆ ಪಾತ್ರೆ ಎತ್ತೋಕೆ ಯಾರಾದ್ರೂ ಬರ್ಲಿ ಅಂತ ಬೆಳಗ್ಗೆಯಿಂದ ಕಾಯ್ತಿದ್ದೆ."