ಎಲ್ಲರ ಕಣ್ಣು ಪಟೇಲರ ಮೇಲೆ

ಅರವತ್ತರ ದಶಕದ ಮಾತು. ಹೊಸನಗರದ ಹತ್ತಿರ ಪಟೇಲರೊಬ್ಬರ ಮನೆಯವರ ಫೋಟೋ ತೆಗೆಯಲು ಹೋಗಿದ್ದೆ. ನೋಡುವವರ ಗಮನ ಯಜಮಾನರ ಮೇಲೇ ಬೀಳಲಿ ಎಂದು ಅವರನ್ನು ನಡುವೆ ಕುರ್ಚಿಯಲ್ಲಿ ಕೂರಿಸಿ, ಸುತ್ತ ನಿಂತವರಿಗೆಲ್ಲ "ಅವರನ್ನೇ ನೋಡಿ" ಎಂದೆ. ಪಟ ಬಲು ಚೆಂದ ಬಂತು.

ಅದನ್ನು ಒಯ್ದು ಕೊಟ್ಟರೆ, ಪಟೇಲರ ಹೆಂಡತಿ ನೋಡಿದ್ದೇ ಗೊಳೋ ಎಂದು ಅತ್ತರು. ನನಗೆ ತಲೆಬುಡ ತಿಳಿಯಲಿಲ್ಲ.

"ಎಂತ ಮಾರಾಯ್ರೇ, ನನ್ನ ಸಾಯಿಸೇಬಿಟ್ರಲ್ಲ!" ಎಂದರು ಪಟೇಲರು. "ಎಲ್ರೂ ಒಬ್ರನ್ನೇ ನೋಡ್ತಾ ನಿಲ್ಲೋದು ಹೆಣ ಕೂರಿಸಿ ಫೋಟೋ ತೆಗೆಸುವಾಗ ಮಾತ್ರ."

ಮತ್ತೆ ತೆಗೆದೆ. ಈ ಸಲ ಪಟೇಲರೂ ಸೇರಿ ಮನೆಮಂದಿಯೆಲ್ಲ, ಕ್ಯಾಮೆರಾ ಹಿಂದೆ ಕರಿಬಟ್ಟೆ ಹೊದ್ದು ನಿಂತ ನನ್ನನ್ನೇ ಕಣ್ಣು ಮಿಟುಕಿಸದೆ ನೋಡಿದರು. ಅವರ ಲೆಕ್ಕದಲ್ಲಿ ಹೆಣ ಯಾರದ್ದು ಎಂಬುದು ನನಗಿನ್ನೂ ಬಗೆಹರಿದಿಲ್ಲ.