ಎಂಟನೆಯ ಸ್ಥಾನಕ್ಕೆ ಜಗಳವಾಡಿದ ಬೀರಪ್ಪ ಸರ್

ಬೀರಪ್ಪ ಸರ್ ಮೈದಾನದಲ್ಲಿ ಸೀಟಿ ಊದಿದ್ದನ್ನು ನಾನು ನೋಡಿಯೇ ಇಲ್ಲ. ಗಂಟಲಿನಿಂದ "ಹುರ್ರ್ ಹೋಯ್!" ಎಂದು ಒಂದು ಕೂಗು ಹಾಕಿದರೆ ಸಾಕು, ಹುನಗುಂದದ ನಮ್ಮ ಕಾಲೇಜು ಮೈದಾನದಲ್ಲಿ ಚದುರಿಹೋಗಿದ್ದ ಹದಿಮೂರು ಹುಡುಗಿಯರೂ ಓಡಿಬಂದು ಅವರ ಸುತ್ತ ಸೇರುತ್ತಿದ್ದೆವು. ಅವರು ಬೇವೂರಿನ ಕುರುಬರ ಮನೆಯವರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕುರಿ ಕಾಯುವಾಗ ಕಲಿತ ಕೂಗು ಅದು. "ಸೀಟಿ ಮನ್ಯಾಗ ಮರತು ಬರಬಹುದು, ಗಂಟಲಾ ಹೆಂಗ ಮರತು ಬರೂದು?" ಎಂದು ನಗುತ್ತಿದ್ದರು.

ಅವರು ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು. ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಬೇಕೆಂದು ಮನೆಮನೆ ಅಲೆದರು. ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವ ನನ್ನ ಅಬ್ಬಾನ ಮುಂದೆ ಕೂತು, ಎರಡು ಸಲ ಚಹಾ ಕುಡಿದು, "ಶಬಾನಾನ್ನ ಗೋಲಿಗೆ ನಿಂದರಸ್ತೇನ್ರಿ. ಉದ್ದ ಪ್ಯಾಂಟ್ ಹಾಕ್ಕೊಂಡ ಆಡ್ಲಿ, ನಂದೇನೂ ತಕರಾರಿಲ್ಲ" ಎಂದು ಒಪ್ಪಿಸಿದರು.

ಮೊದಲ ವರ್ಷ ಅಂತರಕಾಲೇಜು ಪಂದ್ಯಾವಳಿಗೆಂದು ಬಾಗಲಕೋಟೆಗೆ ಹೋದಾಗ ನಮ್ಮನ್ನು ಆಡಿಸಲಿಲ್ಲ. ತಂಡಗಳ ರ್‍ಯಾಂಕಿಂಗ್ ಪಟ್ಟಿಯಲ್ಲಿ ನಮ್ಮ ಹೆಸರೇ ಇರಲಿಲ್ಲವಂತೆ. ದಿನವಿಡೀ ಬೇವಿನ ಮರದ ಕೆಳಗೆ ಕೂತು ಬೇರೆಯವರ ಆಟ ನೋಡಿ ವಾಪಸಾದೆವು.

ಮರುವರ್ಷ ಸಂಘಟನಾ ಸಮಿತಿಯ ಸಭೆಗೆ, ನಾಯಕಿಯೆಂದು ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಹಿರಿಯರು, "ಹುಡುಗ್ಯಾರ ಆಟಕ್ಕ ಇನ್ನ ಮ್ಯಾಲ ರ್‍ಯಾಂಕಿಂಗ್ ಯಾಕ ಬೇಕ್ರಿ? ನಾವು ಕರದಷ್ಟು ಮಂದಿ ಬಂದು ಆಡಿ ಹೋಗ್ಲಿ" ಎಂದರು. ನನಗೂ ಅದು ಸರಿಯೆನಿಸಿತು. ಬೀರಪ್ಪ ಸರ್ ಎದ್ದು ನಿಂತರು.

"ಹುಡುಗರಿಗೆ ಬೇಕಂದ್ರ ಇವರಿಗೂ ಬೇಕ್ರಿ. ಪಟ್ಟೀನ ಇಲ್ಲಂದ್ರ ಯಾರನ್ನ ಕರಿಯೂದು, ಯಾರನ್ನ ಬಿಡೂದು ಎಲ್ಲಾ ನಿಮ್ಮ ಮರ್ಜಿ ಆಗ್ತೈತಿ. ನಮ್ಮನ್ನ ಎಲ್ಲಾರಕಿಂತ ಕೆಳಗ ಬರೀರಿ. ಆದ್ರ ಬರೀರಿ!"

ಒಂದು ತಾಸು ಜಗಳವಾಯಿತು. ಕೊನೆಗೆ ಎಂಟನೆಯ ಸ್ಥಾನದಲ್ಲಿ ನಮ್ಮ ಹೆಸರು ಬಂತು. ಸರ್ ಆ ಪಟ್ಟಿಯನ್ನು ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಿ, ಪ್ರಾಂಶುಪಾಲರನ್ನೂ ಕರೆತಂದು ತೋರಿಸಿದರು. ನಮಗೋ ನಾಚಿಕೆ. "ಸರ್, ಕಡೀ ನಂಬರ್ ಯಾಕ ಹಚ್ಚೀರಿ? ಮಂದಿ ನಗಾಕತ್ತಾರ" ಎಂದೆ.

"ನಗಲಿ ಬಿಡವಾ. ಹೋದ ವರ್ಷ ನಗಾಕರೆ ಯಾರ್ ಇದ್ರು?"

ಆ ವರ್ಷ ನಾವು ಬಾದಾಮಿಯ ತಂಡವನ್ನು ಒಂದು ಗೋಲಿನಿಂದ ಸೋಲಿಸಿದೆವು. ಮುಂದಿನ ಪಟ್ಟಿಯಲ್ಲಿ ಆರನೆಯವರಾಗುತ್ತೇವೆ ಎಂದು ನಾನು ಲೆಕ್ಕ ಹಾಕಿದ್ದೆ. ಮೇಲಿನ ಆರು ತಂಡದವರಿಗೆ ಮಾತ್ರ ವಿಶ್ವವಿದ್ಯಾಲಯದ ಆಯ್ಕೆಗೆ ಕರೆ ಬರುತ್ತಿತ್ತು. ಅಷ್ಟರಲ್ಲಿ ಸಮಿತಿಗೆ ಸೇರಿದ್ದ ಬೀರಪ್ಪ ಸರ್ ತಾವೇ ಕೈಯಾರೆ ನಮ್ಮನ್ನು ಏಳನೆಯದಾಗಿ ಬರೆದು, ಬಾದಾಮಿಯನ್ನು ಮೇಲಿಟ್ಟರು!

ಎಂಟು ದಿನ ನಾನು ಮೈದಾನಕ್ಕೆ ಕಾಲಿಡಲಿಲ್ಲ. ಒಂಬತ್ತನೆಯ ದಿನ ಅವರು ನಮ್ಮ ಕ್ಲಾಸಿನ ಬಾಗಿಲಿಗೇ ಬಂದರು.

"ನನಗ ಹಿಂಗ್ಯಾಕ ಮಾಡಿದ್ರಿ ಸರ್?" ಎನ್ನುವಷ್ಟರಲ್ಲಿ ಅಳು ಬಂತು.

"ಅವತ್ತ ಬಾದಾಮಿಯವರ ಗಾಡಿ ಕೆಟ್ಟು, ಒಂಬತ್ತ ಮಂದಿ ಆಡಿದ್ರು ಶಬಾನಾ. ನೀ ಮರತೀದಿ. ನನಗ ಮರೀಲಿಕ್ಕೆ ಆಗವಲ್ದು" ಎಂದರು. ಆಮೇಲೆ, "ಆದ್ರ ನಿನ್ನ ಆಟ ಬ್ಯಾರೆ, ಪಟ್ಟಿ ಬ್ಯಾರೆ. ಪಟ್ಟಿ ತಂಡಕ್ಕ. ಆಯ್ಕೆಗೆ ನಾ ಕರಕೊಂಡ ಹೋಗ್ತೇನಿ, ನಡಿ" ಎಂದರು.

ಹೋದೆವು. ಗೇಟಿನಲ್ಲಿ ನಮ್ಮನ್ನು ತಡೆದರು. ಸರ್ ಜಗ್ಗಲಿಲ್ಲ. ಉರಿಬಿಸಿಲಿನಲ್ಲಿ ಮೂರು ತಾಸು ನಿಂತು, ಬಂದ ಆಯ್ಕೆಗಾರರಿಗೆಲ್ಲ ಕೈಮುಗಿದು, "ಹತ್ತ ಬಾಲ್ ಹೊಡದ ನೋಡ್ರಿ, ಸೇರದಿದ್ರ ಕಳಿಸಿಬಿಡ್ರಿ" ಎಂದು ಒಂದೇ ಮಾತು ಹೇಳಿದರು. ಹತ್ತರಲ್ಲಿ ಏಳನ್ನು ತಡೆದೆ. ಎರಡನೆಯ ಗೋಲ್‌ಕೀಪರ್ ಆಗಿ ವಿಶ್ವವಿದ್ಯಾಲಯದ ತಂಡ ಸೇರಿದೆ. ಮರುವರ್ಷದಿಂದ ಆಯ್ಕೆಗೆ ಯಾವ ತಂಡದವರು ಬೇಕಾದರೂ ಬರಬಹುದೆಂದು ನಿಯಮ ಬದಲಾಯಿತು. ಅದಕ್ಕೂ ಅವರೇ ಓಡಾಡಿದ್ದರೆಂದು ನನಗೆ ಬಹಳ ತಡವಾಗಿ ತಿಳಿಯಿತು. ಇಂದು ನಾನೂ ಒಂದು ಕಾಲೇಜಿನಲ್ಲಿ ಅವರದೇ ಕೆಲಸ ಮಾಡಿ ಅನ್ನ ತಿನ್ನುತ್ತಿದ್ದೇನೆ.

ಹೋದ ವರ್ಷ ಬೇವೂರಿಗೆ ಹೋಗಿದ್ದೆ. ನಿವೃತ್ತರಾಗಿದ್ದ ಸರ್ ಬಹಳ ಸೊರಗಿದ್ದರು. ದವಾಖಾನೆಯ ವಿಷಯ ತೆಗೆಯಲು ಬಿಡಲಿಲ್ಲ. ಸಮಿತಿಯಲ್ಲಿ ಈಗ ನಾನೂ ಇದ್ದೇನೆ, ರ್‍ಯಾಂಕಿಂಗ್ ತೆಗೆದುಬಿಡೋಣ ಎಂದು ಕೆಲವರು ಹೇಳುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದೆ.

"ಇಡ್ರಿ, ತಗೀರಿ, ಅದು ನಿಮಗ ಬಿಟ್ಟಿದ್ದು. ಇಟ್ರ ಮಾತ್ರ, ಬರಿಯಾಂವ ಕಡೀ ತಂಡದ ಆಟಾನೂ ಪೂರ್ತಿ ಕುಂತು ನೋಡಿರಬೇಕು" ಎಂದರು.

ಬೇಡವೆಂದರೂ ಬಸ್‌ಸ್ಟಾಪಿನವರೆಗೆ ನಡೆದು ಬಂದರು. ನಾನು ಹತ್ತಿ ಕಿಟಕಿಯ ಬಳಿ ಕೂತಾಗ, ಕೆಳಗೆ ನಿಂತಿದ್ದ ಸರ್ ಚೀಲದಿಂದ ಒಂದು ದಾಳಿಂಬೆ ತೆಗೆದು, ಹೇಳದೆ ಕೇಳದೆ ನನ್ನತ್ತ ಎಸೆದರು. ಎರಡೂ ಕೈಯಲ್ಲಿ ಹಿಡಿದೆ. ಅವರು ತಲೆಯಾಡಿಸಿದರು. ಬಸ್ಸು ಹೊರಟಿತು.

ಎರಡು ತಿಂಗಳಿಗೆ ಅವರು ಹೋದ ಸುದ್ದಿ ಬಂದಾಗ ನಾನು ಮೈದಾನದ ಅಂಚಿನಲ್ಲಿ ಕೂತು, ಪಟ್ಟಿಯ ಕೊನೆಯ ತಂಡದ ಆಟ ನೋಡುತ್ತಿದ್ದೆ. ಕಣ್ಣು ಒರೆಸಿಕೊಂಡು, ಪಂದ್ಯ ಮುಗಿಯುವವರೆಗೂ ಅಲ್ಲೇ ಕೂತೆ.